ಕೌಂಟ್ ಶಾಂಡೋರ್ ಮತ್ತು 800 ಫ್ಲೋರಿನ್ ಸಾಲ

1889ರ ನವೆಂಬರ್ 4ರಂದು ಆಸ್ಟ್ರಿಯಾದ ಕ್ಲಾಗೆನ್‌ಫುರ್ಟ್ ಪಟ್ಟಣದಲ್ಲಿ ಮಾವನೊಬ್ಬ ತನ್ನ ಅಳಿಯನ ಮೇಲೆ ದೂರು ಕೊಟ್ಟ. ಕಂಪನಿಯೊಂದರಲ್ಲಿ ಕಾರ್ಯದರ್ಶಿಯ ಕೆಲಸ ಗೊತ್ತಾಗಿದೆ, ಅದಕ್ಕೆ ಠೇವಣಿ ಇಡಬೇಕು ಎಂದು ನಂಬಿಸಿ ಅಳಿಯ 800 ಫ್ಲೋರಿನ್ ಇಸಿದುಕೊಂಡಿದ್ದಾನೆ, ಅದು ಬರೀ ಸುಳ್ಳು ಎಂಬುದು ದೂರಿನ ಸಾರ. ಅಳಿಯನ ಹೆಸರು ಕೌಂಟ್ ಶಾಂಡೋರ್ ವಾಯ್. ಹಂಗೇರಿಯ ಹಳೆಯ ಕುಲೀನ ಮನೆತನದವರು, ಬುಡಾಪೆಸ್ಟಿನ ಪತ್ರಿಕೆಗಳಿಗೆ ಬರೆಯುವ ಲೇಖಕರು. ವಿಚಾರಣೆ ಶುರುವಾದ ಮೇಲೆ ಇನ್ನೆರಡು ಸಂಗತಿಗಳು ಹೊರಬಿದ್ದವು. ಆ ವರ್ಷವೇ ನಡೆದಿದ್ದ ಮದುವೆಯನ್ನು ಮಾಡಿಸಿದ ಪಾದ್ರಿ ನಕಲಿ. ಮದುಮಗ ಹುಟ್ಟಿದ್ದು ಹೆಣ್ಣಾಗಿ, ಹುಟ್ಟಿದಾಗಿನ ಹೆಸರು ಶಾರೋಲ್ಟಾ. ವಂಚನೆ ಮತ್ತು ಸುಳ್ಳು ದಾಖಲೆ ಸೃಷ್ಟಿಯ ಆರೋಪದ ಮೇಲೆ ಬಂಧನವಾಯಿತು. ಅಲ್ಲಿಂದಾಚೆ ಸಾಲದ ಮಾತು ಹಿಂದೆ ಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಹಣದ ತಕರಾರಿಗೆ ವೈದ್ಯರು ಬಂದು ಆರೋಪಿಯ ತಲೆಬುರುಡೆಯನ್ನೂ ಸೊಂಟದ ಮೂಳೆಯನ್ನೂ ಅಳೆದರು.

ವಾಯ್ ಅವರ ಹೆಸರು ಹಂಗೇರಿಯ ಹೊರಗೆ ಉಳಿದಿರುವುದು ಆ ಅಳತೆಯ ದೆಸೆಯಿಂದಲೇ. ನ್ಯಾಯಾಲಯದ ವೈದ್ಯ ಬಿರ್ನ್‌ಬಾಖರ್ ತಮ್ಮ ವರದಿಯನ್ನು 1891ರಲ್ಲಿ ನ್ಯಾಯವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದರು. ಅದನ್ನು ರಿಚರ್ಡ್ ಫಾನ್ ಕ್ರಾಫ್ಟ್-ಎಬಿಂಗ್ ತಮ್ಮ ‘ಸೈಕೋಪಾಥಿಯಾ ಸೆಕ್ಸುವಾಲಿಸ್’ ಗ್ರಂಥದ ಮುಂದಿನ ಆವೃತ್ತಿಗಳಿಗೆ ಸೇರಿಸಿಕೊಂಡರು. 1886ರಲ್ಲಿ ಮೊದಲು ಬಂದ ಆ ಪುಸ್ತಕ ಯುರೋಪಿನ ವೈದ್ಯರ, ವಕೀಲರ ಕೈಪಿಡಿಯಾಯಿತು. ಇಂಗ್ಲೆಂಡಿನ ಹ್ಯಾವ್‌ಲಾಕ್ ಎಲ್ಲಿಸ್ ಕೂಡ ಈ ಪ್ರಕರಣವನ್ನು ಎತ್ತಿಕೊಂಡರು. ಹೀಗೆ ಹತ್ತು ಸಂಪುಟ ತುಂಬುವಷ್ಟು ಬರೆದ ಲೇಖಕರೊಬ್ಬರು ‘ಶಾರೋಲ್ಟಾ ವಿ.’ ಎಂಬ ರೋಗಿಯಾಗಿ ಶಾಸ್ತ್ರಗ್ರಂಥದ ಪುಟ ಸೇರಿದರು. ವೇಷ ಹಾಕಿ ಲೋಕದ ಕಣ್ಣಿಗೆ ಮಣ್ಣೆರಚಿದ ಹೆಂಗಸು, ಕೊನೆಗೆ ಸಿಕ್ಕಿಬಿದ್ದಳು, ವಿಜ್ಞಾನ ಆಕೆಯ ಗುಟ್ಟನ್ನು ಬಿಡಿಸಿತು ಎಂಬ ಕಥೆ ಅಂದಿನಿಂದ ಚಾಲ್ತಿಯಲ್ಲಿದೆ. ಆದರೆ ಅದೇ ವರದಿಯನ್ನು ನಿಧಾನವಾಗಿ ಓದಿದರೆ ಅದರೊಳಗಿನ ಸಾಕ್ಷ್ಯವೇ ಆ ಕಥೆಗೆ ಅಡ್ಡ ನಿಲ್ಲುತ್ತದೆ. ಶಾಂಡೋರ್ ಗಂಡಾಗಿ ಬಾಳಿದ್ದು ಕದ್ದುಮುಚ್ಚಿ ಅಲ್ಲ. ತಂದೆ, ತಾಯಿ, ಗೆಳೆಯರು, ಸಂಪಾದಕರು ಕಂಡೂ ಒಪ್ಪಿದ್ದ ಬಾಳು ಅದು. 1889ರಲ್ಲಿ ಕುಸಿದದ್ದು ಆ ಒಪ್ಪಿಗೆಯ ವ್ಯಾಪ್ತಿ ಮುಗಿಯುವ ಗಡಿಯಲ್ಲಿ, ಬೇರೆ ವರ್ಗದ, ಬೇರೆ ಕಾನೂನಿನ ಜನರ ನಡುವೆ ಎಂಬುದು ನನ್ನ ವಾದ.

ಹುಟ್ಟಿನಿಂದ ನೋಡೋಣ. ವಾಯ್ ಹುಟ್ಟಿದ್ದು 1859ರ ಡಿಸೆಂಬರ್‌ನಲ್ಲಿ, ಬುಡಾಪೆಸ್ಟಿನ ದಕ್ಷಿಣಕ್ಕಿರುವ ಗ್ಯೋನ್ ಎಂಬ ಊರಿನಲ್ಲಿ. ತಂದೆ ಕೌಂಟ್ ಲಾಸ್ಲೋ ವಾಯ್ ಈ ಮಗುವನ್ನು ಗಂಡುಹುಡುಗನಂತೆ ಬೆಳೆಸಿದರು. ಕುದುರೆ ಸವಾರಿ, ಬೇಟೆ, ಕತ್ತಿವರಸೆ ಎಲ್ಲವನ್ನೂ ಕಲಿಸಿದರು. ಕರೆದದ್ದು ಶಾಂಡೋರ್ ಎಂದೇ. ಹನ್ನೆರಡರ ಪ್ರಾಯದಲ್ಲಿ ಈ ಹುಡುಗ ಡ್ರೆಸ್ಡೆನ್ನಿನಲ್ಲಿದ್ದ ತಾಯಿಯ ತಾಯಿಯ ಪಾಲನೆಗೆ ಬಂದಾಗ, ಗಂಡಾಟ ಅತಿಯಾಯಿತೆಂದು ಅಜ್ಜಿ ಲಂಗ ತೊಡಿಸಿ ವಸತಿಶಾಲೆಗೆ ಸೇರಿಸಿದರು. ಅದರಿಂದ ಫಲ ಸಿಗಲಿಲ್ಲ. ಹದಿಮೂರರ ಪ್ರಾಯದಲ್ಲಿ ಇಂಗ್ಲಿಷ್ ಹುಡುಗಿಯೊಬ್ಬಳನ್ನು ಪ್ರೀತಿಸಿ, ಅವಳ ಜೊತೆ ಓಡಿಹೋಗಿದ್ದೂ ಉಂಟು. ವೈದ್ಯರ ವರದಿಯೇ ಹೇಳುವಂತೆ ತಾಯಿ ಕೊನೆಗೆ ಸೋತು ಕೈಬಿಟ್ಟರು. ಮಗು ಮತ್ತೆ ಶಾಂಡೋರ್ ಆಯಿತು, ತಂದೆಯ ಜೊತೆ ದೂರದೇಶಗಳ ಪ್ರವಾಸ ಮಾಡಿತು, ಎಲ್ಲೆಡೆ ಎಳೆಯ ಮಹನೀಯನಾಗಿಯೇ. ಮುಂದಿನ ವರ್ಷಗಳಲ್ಲಿ ಕಾಫಿಮನೆ, ಕುಡಿತ, ಹುಡುಗಿಯರ ಬಗ್ಗೆ ಜಂಬದ ಮಾತು, ನಟಿಯರ ಮೋಹ, ಸಾಲ, ಎಲ್ಲವೂ ಬಂದವು. ರಾಷ್ಟ್ರೀಯ ರಂಗಮಂದಿರದ ಹೆಸರಾಂತ ನಟಿ ಮಾರಿ ಹೆಗ್ಯೆಶಿಯವರ ಮೇಲೆ ಹುಚ್ಚು ಪ್ರೀತಿ. ಇನ್ನೊಬ್ಬ ನಟಿಯ ಜೊತೆ ಕೆಲವು ವರ್ಷ ಗಂಡಹೆಂಡಿರಂತೆ ಸಂಸಾರ. ಆ ಕಾಲದ ಹಂಗೇರಿಯ ದೊಡ್ಡ ಮನೆಯ ಯುವಕನೊಬ್ಬ ಹೇಗೆ ಹಾಳಾಗುತ್ತಿದ್ದನೋ, ಶಾಂಡೋರ್ ಚಾಚೂ ತಪ್ಪದೆ ಹಾಗೆಯೇ ಹಾಳಾದರು.

ಇದರಲ್ಲಿ ಗಮನಿಸಬೇಕಾದ್ದು, ಇದಾವುದೂ ಗುಟ್ಟಿನಲ್ಲಿ ನಡೆದದ್ದಲ್ಲ. ವಾಯ್ ಮನೆತನ ಹಂಗೇರಿಯಲ್ಲಿ ಯಾರಿಗೂ ಗೊತ್ತಿಲ್ಲದ ಮನೆತನವಲ್ಲ. ಕೌಂಟ್ ಲಾಸ್ಲೋಗೆ ಎಷ್ಟು ಮಕ್ಕಳು, ಯಾರು ಗಂಡು, ಯಾರು ಹೆಣ್ಣು ಎಂಬುದು ಬಂಧುಗಳಿಗೆ, ನೆರೆಯ ಜಮೀನುದಾರರಿಗೆ, ಪರಿಚಿತರಿಗೆ ತಿಳಿಯದೆ ಇರಲು ಸಾಧ್ಯವೇ ಇರಲಿಲ್ಲ. ಕುಲೀನರು ಒಬ್ಬರ ವಂಶಾವಳಿಯನ್ನು ಇನ್ನೊಬ್ಬರು ಬಾಯಿಪಾಠ ಹೇಳುತ್ತಿದ್ದ ಸಮಾಜ ಅದು. ಹೀಗಿದ್ದೂ ಶಾಂಡೋರ್ ವಾಯ್ ಬುಡಾಪೆಸ್ಟಿನ ಪತ್ರಿಕೆಗಳಿಗೆ ಬರೆದರು, ರಾಜಧಾನಿಯ ಎರಡು ಹೆಸರಾಂತ ಪತ್ರಿಕೆಗಳಿಗೆ ಬೇಕಾದ ಲೇಖಕರಾಗಿದ್ದರು ಎಂದು ವರದಿಯೇ ಒಪ್ಪುತ್ತದೆ. ಕಾವ್ಯನಾಮಗಳಲ್ಲಿ ಒಂದು ದಾರ್ತಾನ್ಯಾನ್, ಡ್ಯೂಮಾನ ಕಾದಂಬರಿಯ ಕತ್ತಿವೀರನ ಹೆಸರು. ಹುಡುಗುಬುದ್ಧಿಯ ಆಯ್ಕೆ ಎನ್ನಬಹುದು. ಆದರೆ ಬಚ್ಚಿಟ್ಟುಕೊಳ್ಳಬೇಕೆನ್ನುವವರು ಹೀಗೆ ಮೀಸೆ ತಿರುವಿಕೊಂಡು ನಿಲ್ಲುವುದಿಲ್ಲ.

ಇದನ್ನು ಒಪ್ಪಿಗೆ ಎಂದು ಕರೆಯುವುದು ಅತಿಯಾಯಿತು, ದೊಡ್ಡವರ ಮನೆಯ ತಿಕ್ಕಲುತನವನ್ನು ಜನ ಸಹಿಸಿಕೊಂಡರಷ್ಟೆ ಎಂಬ ಆಕ್ಷೇಪ ಇಲ್ಲಿ ಬರಬಹುದು. ಮಾತು ಅರ್ಧ ನಿಜ. ಹಂಗೇರಿಗೆ ಗಂಡುಡುಪಿನ ಹೆಣ್ಣುಗಳ ನೆನಪೇನೂ ಇಲ್ಲದಿರಲಿಲ್ಲ. 1848–49ರ ಸ್ವಾತಂತ್ರ್ಯಸಮರದಲ್ಲಿ ಮಾರಿಯಾ ಲೆಬ್‌ಸ್ಟ್ಯೂಕ್ ಎಂಬಾಕೆ ಗಂಡಸಿನ ಹೆಸರಿನಲ್ಲಿ ಸೇನೆ ಸೇರಿ, ಹುಸ್ಸಾರ್ ಪಡೆಯಲ್ಲಿ ಲೆಫ್ಟಿನೆಂಟ್ ಆಗಿದ್ದರು. ಆದರೆ ಅದು ದೇಶಕ್ಕಾಗಿ ತೊಟ್ಟ, ಯುದ್ಧ ಮುಗಿದ ಮೇಲೆ ಕಳಚಿದ ಸಮವಸ್ತ್ರ. ಅಂಥವರನ್ನು ಹೊಗಳುವುದು ಯಾವ ಸಮಾಜಕ್ಕೂ ಸುಲಭ, ಏಕೆಂದರೆ ಅವರು ಮನೆಗೆ ಮರಳುತ್ತಾರೆ. ಶಾಂಡೋರ್ ಎಂದೂ ಹಾಗೆ ಮರಳಲಿಲ್ಲ. ಮರಳದವರನ್ನು ಸಹಿಸಿಕೊಳ್ಳಲು ಸಮಾಜಕ್ಕೆ ಬೇರೆ ಕಾರಣ ಬೇಕು, ಇಲ್ಲಿ ಆ ಕಾರಣ ಕುಲ. ಬಡ ರೈತನ ಮಗಳೊಬ್ಬಳು ಹೀಗೆ ಬಾಳಲು ಹೊರಟಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಜರ್ಮನಿಯ ಹಾಲ್ಬರ್‌ಸ್ಟಾಟ್‌ನಲ್ಲಿ ಕಾಥರೀನಾ ಲಿಂಕ್ ಎಂಬಾಕೆ ಗಂಡಸಾಗಿ ಬಾಳಿ, ಚರ್ಚಿನಲ್ಲಿ ಹೆಣ್ಣೊಬ್ಬಳನ್ನು ಮದುವೆಯಾಗಿದ್ದಕ್ಕೆ 1721ರಲ್ಲಿ ಆಕೆಯ ತಲೆ ಕಡಿಸಿದ್ದರು. ನೂರೈವತ್ತಕ್ಕೂ ಹೆಚ್ಚು ವರ್ಷಗಳ ಅಂತರ ದೊಡ್ಡದು, ನಿಜ, ಆದರೆ ಅಂತಸ್ತಿನ ಅಂತರ ಅದಕ್ಕಿಂತ ಕಡಿಮೆಯೇನಲ್ಲ. ಹಾಗಾಗಿ ಕುಲೀನತೆಯ ರಕ್ಷಣೆ ಇತ್ತೆಂಬ ಆಕ್ಷೇಪದಿಂದ ನನ್ನ ವಾದಕ್ಕೆ ಬಲವೇ ಬರುತ್ತದೆ. ಅಲ್ಲಿ ಯಾರು ಗಂಡು, ಯಾರು ಹೆಣ್ಣು ಎಂಬುದನ್ನು ದೇಹ ಒಂದೇ ತೀರ್ಮಾನಿಸುತ್ತಿರಲಿಲ್ಲ. ಯಾರ ಮಾತಿಗೆ ಬೆಲೆ ಎಂಬುದೂ ತೀರ್ಮಾನಿಸುತ್ತಿತ್ತು. ಕೌಂಟ್ ಒಬ್ಬರು ಇವನು ನನ್ನ ಮಗ ಎಂದರೆ, ಆ ವಲಯದೊಳಗೆ ಅವನು ಮಗನೇ.

ಆ ವಲಯದಾಚೆ ಶಾಂಡೋರ್ ಕಾಲಿಟ್ಟದ್ದು 1887ರ ಬೇಸಿಗೆಯಲ್ಲಿ. ವಿಹಾರಧಾಮವೊಂದರಲ್ಲಿ ಆಸ್ಟ್ರಿಯಾದ ಅಧಿಕಾರಿಯೊಬ್ಬರ ಕುಟುಂಬದ ಪರಿಚಯವಾಯಿತು. ಮಗಳು ಮಾರಿಯ ಮೇಲೆ ಮನಸ್ಸಾಯಿತು, ಅವಳಿಗೂ ಆಯಿತು. ಮನೆಯವರ ವಿರೋಧ ನಡೆಯಲಿಲ್ಲ. 1889ರಲ್ಲಿ ಹಂಗೇರಿಯಲ್ಲಿ ನಕಲಿ ಪಾದ್ರಿಯ ಮುಂದೆ ಮದುವೆಯಾಗಿ, ಜೋಡಿ ಕ್ಲಾಗೆನ್‌ಫುರ್ಟ್‌ನಲ್ಲಿ ಮಾವನ ಆಸರೆಗೆ ಬಂತು. ನಕಲಿ ಪಾದ್ರಿ ಏಕೆ ಬೇಕಾಯಿತು ಎಂಬುದಕ್ಕೆ ಆ ಕಾಲದ ಕಾನೂನೇ ಉತ್ತರ. ಹಂಗೇರಿಯಲ್ಲಿ ಸರ್ಕಾರಿ ನೋಂದಣಿ ಮದುವೆ ಜಾರಿಗೆ ಬಂದದ್ದು 1895ರ ಅಕ್ಟೋಬರ್‌ನಲ್ಲಿ. ಅದಕ್ಕೆ ಮೊದಲು ಹುಟ್ಟು, ಮದುವೆ, ಸಾವು ಎಲ್ಲವೂ ಚರ್ಚಿನ ಖಾತೆಯಲ್ಲಿ. ಊರು ಏನೇ ಕರೆಯಲಿ, ದೀಕ್ಷಾಸ್ನಾನದ ಖಾತೆಯಲ್ಲಿ ಶಾರೋಲ್ಟಾ ಎಂದಿದ್ದರೆ ನಿಜವಾದ ಪಾದ್ರಿ ಮದುವೆ ಮಾಡಿಸುವಂತಿರಲಿಲ್ಲ. ಅಂದರೆ ಗೆಳೆಯರ ಮಾತು, ತಂದೆಯ ಮಾತು, ಪತ್ರಿಕೆಯ ಹೆಸರು ಇವೆಲ್ಲ ಸಾಕಾಗದೆ ಕಾಗದವೇ ಬೇಕಾಗುವ ಜಾಗಕ್ಕೆ ಶಾಂಡೋರ್ ಮೊದಲ ಬಾರಿ ಬಂದು ನಿಂತರು. ಕಾಗದವನ್ನು ಸೃಷ್ಟಿಸಿದರು. ಮಾಡಿದ್ದು ಅಪರಾಧವೇ, ಅದರಲ್ಲಿ ಎರಡು ಮಾತಿಲ್ಲ.

ಇನ್ನೊಂದು ಗಡಿಯೂ ಇತ್ತು. 1867ರ ಒಪ್ಪಂದದ ನಂತರ ಆಸ್ಟ್ರಿಯಾ-ಹಂಗೇರಿ ಒಬ್ಬನೇ ದೊರೆಯ ಕೆಳಗೆ ಎರಡು ಕಾನೂನುಗಳ ರಾಜ್ಯ. ಆಸ್ಟ್ರಿಯಾದ 1852ರ ದಂಡಸಂಹಿತೆಯ 129ನೇ ಕಲಮು ಒಂದೇ ಲಿಂಗದವರ ನಡುವಿನ ಸಂಬಂಧವನ್ನು ಅಪರಾಧವೆಂದಿತ್ತು, ಅದರಲ್ಲಿ ಹೆಂಗಸರಿಗೂ ವಿನಾಯಿತಿ ಇರಲಿಲ್ಲ. ಶಿಕ್ಷೆ ಒಂದರಿಂದ ಐದು ವರ್ಷದ ಸೆರೆ. ಹಂಗೇರಿಯ 1878ರ ಸಂಹಿತೆ ಈ ವಿಷಯದಲ್ಲಿ ಗಂಡಸರನ್ನು ಮಾತ್ರ ಹೆಸರಿಸಿತ್ತು. ಬುಡಾಪೆಸ್ಟಿನಲ್ಲಿ ತಿಕ್ಕಲು ಎನಿಸಿಕೊಂಡದ್ದು ಕ್ಲಾಗೆನ್‌ಫುರ್ಟ್‌ನಲ್ಲಿ ಜೈಲಿನ ಬಾಗಿಲ ಹತ್ತಿರ ತಂದು ನಿಲ್ಲಿಸಬಲ್ಲದಾಗಿತ್ತು. ಶಾಂಡೋರ್ ಮೇಲೆ ಬಂದ ಆರೋಪ ವಂಚನೆಯದು, ದಾಖಲೆಯದು. ಆದರೂ ವರದಿಯ ಗಮನವೆಲ್ಲ ಹಾಸಿಗೆಯ ಕಡೆಗೆ ಏಕೆ ವಾಲಿತು ಎಂದು ಕೇಳುವವರು ಈ ಕಲಮನ್ನು ಮರೆಯಬಾರದು. ಜೊತೆಗೆ ಮಾವನ ಮನೆ ಸಂಬಳದ ಮೇಲೆ ನಿಂತ ಮಧ್ಯಮವರ್ಗದ ಮನೆ. ಅಲ್ಲಿ ಕೌಂಟ್ ಎಂದರೆ ಗೌರವವಿರಬಹುದು, ಆದರೆ 800 ಫ್ಲೋರಿನ್ ಎಂದರೆ 800 ಫ್ಲೋರಿನ್. ಹಂಗೇರಿಯ ಜಮೀನುದಾರರಲ್ಲಿ ಸಾಲ ಮಾಡುವುದು, ತೀರಿಸದಿರುವುದು ಗಂಡಸುತನದ ಒಂದು ಲಕ್ಷಣವೇ ಆಗಿತ್ತು. ಅದೇ ಚಾಳಿ ಇಲ್ಲಿ ಫಿರ್ಯಾದಾಯಿತು.

ಮಾರಿಗೆ ಮೋಸವಾಗಲಿಲ್ಲವೇ? ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಶಾಂಡೋರ್ ಪರ ವಾದಿಸುವುದು ಪ್ರಾಮಾಣಿಕವಾಗದು. ವರದಿಯ ಪ್ರಕಾರ ಆಕೆಗೆ ಬಹುಕಾಲ ಸತ್ಯ ತಿಳಿಯದಿದ್ದ ಸಂಭವ ಹೆಚ್ಚು. ಶಾಂಡೋರ್ ಷರಾಯಿಯೊಳಗೆ ಕರವಸ್ತ್ರವನ್ನೋ ಕೈಗವಸನ್ನೋ ತುರುಕಿಕೊಂಡು ಗಂಡಸಿನ ಅಂಗದ ಆಕಾರ ಬರುವಂತೆ ನೋಡಿಕೊಳ್ಳುತ್ತಿದ್ದರು, ಮಾವನ ಕಣ್ಣೂ ಅದಕ್ಕೆ ಮೋಸಹೋಗಿತ್ತು. ಒಳಉಡುಪಿನ ಮೇಲೆ ರಕ್ತದ ಕಲೆ ಕಂಡು ಆಳುಗಳು ಕೇಳಿದಾಗ ಮೂಲವ್ಯಾಧಿ ಎಂದಿದ್ದರು. ಅವರು ಸ್ನಾನಕ್ಕೆ ಹೋದಾಗ ಬೀಗದ ಕಿಂಡಿಯಿಂದ ಇಣುಕಿ ಹೆಣ್ಣೆಂದು ಖಾತ್ರಿ ಮಾಡಿಕೊಂಡೆವು ಎಂದು ಆಳುಗಳು ಆಮೇಲೆ ಹೇಳಿಕೆ ಕೊಟ್ಟರು. ಇದೆಲ್ಲ ಮುಚ್ಚುಮರೆಯೇ. ಆದರೆ ಯಾವಾಗಿನ ಮುಚ್ಚುಮರೆ ಎಂಬುದನ್ನು ನೋಡಬೇಕು. ಈ ವಿವರಗಳೆಲ್ಲ ಮಾರಿಯ ಮನೆಯವು. ತವರಿನಲ್ಲಿ ತನ್ನಷ್ಟಕ್ಕೆ ನಡೆಯುತ್ತಿದ್ದ ಬಾಳಿಗೆ ಪರರ ಮನೆಯಲ್ಲಿ ಪುರಾವೆ ಒದಗಿಸಬೇಕಾಯಿತು, ಪುರಾವೆ ಕರವಸ್ತ್ರದ್ದಾಯಿತು. ಇದರಿಂದ ಮಾರಿಗಾದ ಅನ್ಯಾಯ ಸಣ್ಣದಾಗುವುದಿಲ್ಲ. ಆದರೆ ದೂರು ಕೊಟ್ಟದ್ದು ಆಕೆಯಲ್ಲ ಎಂಬುದೂ, ದೂರಿನಲ್ಲಿದ್ದದ್ದು ಆಕೆಯ ಬಾಳಲ್ಲ, ತಂದೆಯ ಹಣ ಎಂಬುದೂ ಅಷ್ಟೇ ನಿಜ. ಆ ಹುಡುಗಿಗೆ ಏನನ್ನಿಸಿತ್ತೆಂಬ ಕುತೂಹಲ ವೈದ್ಯರಿಗೂ ಹೆಚ್ಚಾಗಿ ಇದ್ದಂತಿಲ್ಲ.

ಈಗ ವೈದ್ಯರ ವರದಿಗೆ ಬರೋಣ. ಎತ್ತರ 153 ಸೆಂಟಿಮೀಟರ್, ಮೂಳೆ ನಯ, ಎದೆ ಮತ್ತು ತೊಡೆಯ ಸ್ನಾಯು ಗಟ್ಟಿ, ಕೈಕಾಲು ಪುಟ್ಟವು, ಸೊಂಟದ ಮೂಳೆ ಕಿರಿದು, ದನಿ ದಪ್ಪ. ಹೆಣ್ಣುಡುಪಿನಲ್ಲಿ ನಡಿಗೆ ಎಡವಟ್ಟು. ಕೈಕುಲುಕಿದರೆ ಬಿಗಿಹಿಡಿತ. ಅಕ್ಷರವೂ ಗಂಡಸಿನದೇ ಎಂದು ಷರಾ. ಆಮೇಲೆ ವಂಶದೋಷ ಹುಡುಕುವ ಸರದಿ: ಒಬ್ಬ ಚಿಕ್ಕಮ್ಮನೋ ಅತ್ತೆಯೋ ನಿದ್ದೆಯಲ್ಲಿ ನಡೆಯುತ್ತಿದ್ದಳು, ಇನ್ನೊಬ್ಬಳು ಸಾಯುವ ಕಾಯಿಲೆಯೆಂದು ನಂಬಿ ಏಳು ವರ್ಷ ಹಾಸಿಗೆ ಹಿಡಿದಿದ್ದರೂ ಮನೆಯಲ್ಲಿ ನೃತ್ಯಕೂಟ ನಡೆಸುತ್ತಿದ್ದಳು, ತಾಯಿಗೆ ಬೆಳದಿಂಗಳೆಂದರೆ ಆಗದು. ಯಾವ ದೊಡ್ಡ ಕುಟುಂಬದ ಚರಿತ್ರೆಯನ್ನು ಹೀಗೆ ಜಾಲಾಡಿದರೂ ಇಷ್ಟು ಸಿಗುತ್ತದೆ ಎಂದು ಇಂದಿನ ಓದುಗರು ನಕ್ಕರೆ ತಪ್ಪೇನಿಲ್ಲ. ಈ ಶಾಸ್ತ್ರಕ್ಕೆ ಬುಡವೇ ಸಡಿಲ. ಮೊದಲ ವಿಚಾರಣೆಯಲ್ಲಿ ಆರೋಪಿ ಹೇಳಿದ ಹುಟ್ಟಿದ ವರ್ಷ 1866. ನಿಜವಾದ ವಯಸ್ಸಿಗಿಂತ ಏಳು ವರ್ಷ ಕಡಿಮೆ. ಗ್ರಂಥದಲ್ಲಿ ಅದು ಹಾಗೆಯೇ ಅಚ್ಚಾಯಿತು. ತಲೆಬುರುಡೆಯನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದವರು ಮೂವತ್ತರ ಹೊಸ್ತಿಲಲ್ಲಿದ್ದ ವ್ಯಕ್ತಿಯನ್ನು ಇಪ್ಪತ್ತಮೂರರ ಎಳೆಯರೆಂದು ನಂಬಿ, ಬೆಳವಣಿಗೆ ಬಾಲ್ಯದಲ್ಲೇ ನಿಂತಿದೆ ಎಂಬ ಮಾತನ್ನೆಲ್ಲ ಪೋಣಿಸಿದರು.

ಆದರೆ ಅದೇ ವರದಿಯಲ್ಲಿ ಒಂದು ಜಾಗದಲ್ಲಿ ಬರೆದವರ ಕೈ ಮೀರಿ ನಿಜ ನುಸುಳಿದೆ. ಎದುರಿಗಿರುವುದು ಮಹಿಳೆ ಎಂದು ಸದಾ ನೆನಪಿಟ್ಟುಕೊಳ್ಳುವುದೇ ತಮಗೆ ಕಷ್ಟವಾಯಿತು, ಶಾಂಡೋರ್ ಎಂಬ ಗಂಡಸೆಂದುಕೊಂಡು ಮಾತಾಡಿದರೆ ಮಾತು ಸಲೀಸು, ಸಹಜ, ಅದೇ ಹೆಚ್ಚು ಸರಿಯೆಂದೂ ತೋರುತ್ತಿತ್ತು ಎಂದು ತಜ್ಞರು ಬರೆದಿದ್ದಾರೆ. ಗಂಡಸಿನಂತೆ ನಡೆಸಿಕೊಂಡ ಕೂಡಲೇ ಕೈದಿಯ ಅಳುಕು ಹೋಗಿ ಮಾತು ಬಿಚ್ಚುತ್ತಿತ್ತಂತೆ. ಹಂಗೇರಿಯಲ್ಲಿ ಮೂವತ್ತು ವರ್ಷ ಜನ ಕಂಡದ್ದನ್ನು ಕ್ಲಾಗೆನ್‌ಫುರ್ಟ್‌ನ ವೈದ್ಯರು ಕೆಲವೇ ಭೇಟಿಗಳಲ್ಲಿ ಕಂಡರು. ಕಂಡದ್ದನ್ನು ನಂಬಲು ಅವರ ಶಾಸ್ತ್ರ ಬಿಡಲಿಲ್ಲ, ಅಷ್ಟೆ. ಶಾಂಡೋರ್ ತಾವೂ ಸೆರೆಯಿಂದ ಬರೆದುಕೊಟ್ಟರು: ಪ್ರೀತಿಯೇ ಇದನ್ನೆಲ್ಲ ಮಾಡಿಸಿತು, ಆ ಪ್ರೀತಿಯನ್ನು ಎದೆಯಲ್ಲಿಟ್ಟವನು ದೇವರು, ಆತ ಹೀಗೆ ಸೃಷ್ಟಿಸಿದ್ದರೆ ಅಪರಾಧ ನನ್ನದೆಂದು ಹೇಗಾಗುತ್ತದೆ ಎಂಬುದು ಅದರ ತಾತ್ಪರ್ಯ. ಬರಹದಲ್ಲಿ ವಕೀಲಿಕೆಯೂ ಇದೆ, ನಾಟಕೀಯತೆಯೂ ಇದೆ. ಕಸುಬುದಾರ ಲೇಖಕರಿಂದ ಅದಿಲ್ಲದೆ ಬರುವುದೂ ಕಷ್ಟ.

ತಂದೆಯ ಹುಚ್ಚಾಟದಿಂದಲೇ ಈ ಬಾಳು ಹೀಗಾಯಿತು, ಹುಡುಗಿಯಂತೆ ಬೆಳೆಸಿದ್ದರೆ ಹುಡುಗಿಯಾಗಿರುತ್ತಿದ್ದರು ಎನ್ನುವವರು ಅಂದೂ ಇದ್ದರು, ಇಂದೂ ಇರಬಹುದು. ಇದಕ್ಕೆ ಆ ಮನೆಯೊಳಗೇ ಉತ್ತರವಿದೆ. ಕೌಂಟ್ ಲಾಸ್ಲೋ ತಮ್ಮ ಮಗನೊಬ್ಬನಿಗೆ ಇದೇ ಪ್ರಯೋಗವನ್ನು ತಿರುಗುಮುರುಗು ಮಾಡಿ, ಹುಡುಗಿಯ ಉಡುಪಿನಲ್ಲಿ ಬೆಳೆಸಿದ್ದರೆಂದು ವರದಿ ಹೇಳುತ್ತದೆ. ಹದಿನೈದರ ಪ್ರಾಯದಲ್ಲಿ ಮೇಲಿನ ಶಾಲೆಗೆ ಕಳಿಸುವಾಗ ಆ ಆಟ ಮುಗಿಯಿತು. ಶಾಂಡೋರ್ ವಿಷಯದಲ್ಲಿ ಡ್ರೆಸ್ಡೆನ್ ಶಾಲೆಯ ಲಂಗದಿಂದ ಏನೂ ಮುಗಿಯಲಿಲ್ಲ. ಒಂದೇ ತಂದೆ, ಒಂದೇ ಬಗೆಯ ಹುಚ್ಚಾಟ, ಫಲ ಮಾತ್ರ ಬೇರೆ. ತಂದೆ ಬಾಗಿಲು ತೆರೆದರು ಎನ್ನಬಹುದೇ ಹೊರತು, ಒಳಗೆ ನೂಕಿದರು ಎನ್ನಲಾಗದು.

ಹಾಗಾದರೆ ಈ ವ್ಯಕ್ತಿಯನ್ನು ಏನೆಂದು ಕರೆಯೋಣ? ಲೆಸ್ಬಿಯನ್ ಎನ್ನುವವರಿದ್ದಾರೆ, ಟ್ರಾನ್ಸ್ ಪುರುಷ ಎನ್ನುವವರಿದ್ದಾರೆ, ಹತ್ತೊಂಬತ್ತನೇ ಶತಮಾನದವರಿಗೆ ಇಂದಿನ ಹಣೆಪಟ್ಟಿ ಹಚ್ಚಲೇಬೇಡಿ ಎನ್ನುವವರೂ ಇದ್ದಾರೆ. ಮೂರನೆಯವರ ಎಚ್ಚರಿಕೆ ನನಗೆ ಒಪ್ಪಿಗೆ, ಆದರೆ ಅವರು ಒಂದನ್ನು ಮರೆಯುತ್ತಾರೆ. ಹಣೆಪಟ್ಟಿ ಹಚ್ಚುವ ಕೆಲಸ ಆಗಲೇ, ಅಲ್ಲಿಯೇ ನಡೆದಿತ್ತು. ‘ಹೋಮೋಸೆಕ್ಷುವಲ್’ ಎಂಬ ಪದವನ್ನು 1860ರ ದಶಕದ ಕೊನೆಗೆ ಟಂಕಿಸಿದ್ದೂ ಹಂಗೇರಿಯ ಮೂಲದ ಲೇಖಕ ಕಾರ್ಲ್ ಮಾರಿಯಾ ಕೆರ್ಟ್‌ಬೆನಿ, ಅದೂ ಶಿಕ್ಷೆಯ ವಿರುದ್ಧ ವಾದಿಸಲು. ಕ್ರಾಫ್ಟ್-ಎಬಿಂಗ್ ಶಾಂಡೋರರನ್ನು ಹಾಕಿದ್ದು ‘ಗೈನಾಂಡ್ರಿ’ ಎಂಬ ಪೆಟ್ಟಿಗೆಯಲ್ಲಿ. ಈ ಹೊಸ ಪದಗಳ ಪಕ್ಕದಲ್ಲಿ ಇನ್ನೂ ಒಂದು ಗುರುತು ಇತ್ತು, ಅದನ್ನು ಆ ವ್ಯಕ್ತಿಯೇ ಆರಿಸಿಕೊಂಡಿದ್ದರು: ಕೌಂಟ್ ಶಾಂಡೋರ್ ವಾಯ್. ಚರಿತ್ರೆ ಬರೆಯುವವರಿಗೆ ಅಷ್ಟು ಸಾಕು. ನ್ಯಾಯಾಲಯ ಕೊನೆಗೆ ವೈದ್ಯರ ಮಾತಿನ ಮೇಲೆ ಬಿಟ್ಟುಕಳಿಸಿತು. ಹುಟ್ಟಿನಿಂದ ಬಂದ ರೋಗ, ಹೊಣೆಗಾರಿಕೆ ಇಲ್ಲ ಎಂಬುದು ಬಿಡುಗಡೆಯ ಬೆಲೆ. ಬಿಡುಗಡೆಯಾದವರು ಊರಿಗೆ ಮರಳಿ ಮತ್ತೆ ಕೌಂಟ್ ಶಾಂಡೋರ್ ಎಂದೇ ಹೇಳಿಕೊಂಡರು, ಕಳೆದುಹೋದ ಮಾರಿಯ ಚಿಂತೆಯೊಂದೇ ಅವರಿಗೆ ಉಳಿದದ್ದು ಎಂದು ಕ್ರಾಫ್ಟ್-ಎಬಿಂಗ್ ಅಧ್ಯಾಯ ಮುಗಿಸುತ್ತಾರೆ.

ಕ್ರಾಫ್ಟ್-ಎಬಿಂಗ್ ನಿಲ್ಲಿಸಿದಲ್ಲಿಂದ ವಾದದ ಗಟ್ಟಿ ಪುರಾವೆ ಶುರುವಾಗುತ್ತದೆ. ಪತ್ರಿಕೆಗಳು ‘ಗಂಡುಡುಪಿನ ಕೌಂಟೆಸ್’ ಎಂದು ಸಾರಿ ಹೇಳಿದ ಮೇಲೆ ಗುಟ್ಟೆನ್ನುವುದು ಏನೂ ಉಳಿದಿರಲಿಲ್ಲ. ಎಲ್ಲ ನಿಂತಿದ್ದು ಕೇವಲ ವೇಷದ ಮೇಲಾಗಿದ್ದರೆ ಶಾಂಡೋರ್ ಬದುಕು ಅಲ್ಲಿಗೆ ಮುಗಿಯಬೇಕಿತ್ತು. ಆದದ್ದು ತದ್ವಿರುದ್ಧ. ಲೇಖಕರಾಗಿ ಅವರ ದೊಡ್ಡ ಹೆಸರು ಬಂದದ್ದೇ ಆಮೇಲೆ. 1900ರಲ್ಲಿ ಹಳೆಯ ಹಂಗೇರಿಯ ಸಮಾಜಜೀವನದ ಬಗೆಗಿನ ಪುಸ್ತಕ ಬಂತು. 1909ರಲ್ಲಿ ಬುಡಾಪೆಸ್ಟಿನಲ್ಲಿ ಹತ್ತು ಸಂಪುಟಗಳ ಸಂಗ್ರಹ ಬಂತು, ಮುಖಪುಟದ ಮೇಲೆ ಕೌಂಟ್ ಶಾಂಡೋರ್ ವಾಯ್ ಎಂದೇ. ಪ್ರಕಾಶಕರಿಗೆ ಗೊತ್ತಿತ್ತು, ಕೊಳ್ಳುವವರಲ್ಲಿ ಎಷ್ಟೋ ಮಂದಿಗೆ ಗೊತ್ತಿತ್ತು. ಹೆಸರಾಂತ ಕಾದಂಬರಿಕಾರ ಗ್ಯುಲಾ ಕ್ರೂದಿ ಅವರ ಬಗ್ಗೆ ಬರೆದರು. ಆಸ್ಟ್ರಿಯಾ-ಹಂಗೇರಿಯ ಮಹಾರಾಣಿ ಎಲಿಜಬೆತ್, ಹಳೆಯ ಮನೆತನಗಳ ಹೆಂಗಸರು ಗಂಡಸರು, ಅವರ ಪ್ರೇಮ, ಜಗಳ, ವಿನೋದ ಇವೇ ವಾಯ್ ಅವರ ವಸ್ತು. ಬರಹದಲ್ಲಿ ಬಂಡಾಯದ ಸೊಲ್ಲಿಲ್ಲ. ಹೆಣ್ಣುಮಕ್ಕಳ ಹಕ್ಕಿನ ಹೋರಾಟಗಾರ್ತಿ ಎಂದು ಅವರನ್ನು ಮೆರೆಸಹೊರಟವರಿಗೆ ಈ ಪುಟಗಳಿಂದ ನಿರಾಸೆ ಖಚಿತ. ಇವರು ಹಳೆಯ ಕಾಲದ ಪಕ್ಷಪಾತಿ, ಹಳೆಯ ಕುಲೀನರ ಕಥೆಗಾರ. ಅದರಲ್ಲಿ ವಿರೋಧಾಭಾಸವೇನೂ ಕಾಣುವುದಿಲ್ಲ. ಮಾತೇ ದಾಖಲೆಯಾಗಿದ್ದ, ಕೌಂಟ್ ಒಬ್ಬನ ತಿಕ್ಕಲಿಗೆ ಜಾಗವಿದ್ದ ಆ ಲೋಕದ ಋಣ ಅವರ ಮೇಲಿತ್ತು. ಅದು ಯಾರ ದುಡಿಮೆಯ ಮೇಲೆ ನಿಂತ ಲೋಕವೆಂದು ಅವರು ಕೇಳಿಕೊಂಡ ಗುರುತಿಲ್ಲ.

1918ರ ಮೇ 23ರಂದು ಸ್ವಿಟ್ಜರ್‌ಲೆಂಡಿನ ಲುಗಾನೊದಲ್ಲಿ ವಾಯ್ ತೀರಿಕೊಂಡರು. ಆ ಹೊತ್ತಿಗೆ ಕ್ರಾಫ್ಟ್-ಎಬಿಂಗ್ ಸತ್ತು ಹದಿನೈದು ವರ್ಷ ದಾಟಿತ್ತು, ಅವರ ಗ್ರಂಥ ಮಾತ್ರ ಹಲವು ಭಾಷೆಗಳಲ್ಲಿ ಮರುಮುದ್ರಣವಾಗುತ್ತಿತ್ತು, 1866ರಲ್ಲಿ ಹುಟ್ಟಿದ ‘ಶಾರೋಲ್ಟಾ ವಿ.’ ಅದರಲ್ಲಿ ಹಾಗೆಯೇ ಇದ್ದರು.